ಹಿಂದಿ ಬಾರದ ಹುಡುಗಿ ಎಂದುಕೊಂಡಿದ್ದೆವು

ದಿಲ್ಲಿಯ ಶಾಲೆಯಲ್ಲಿ ಮೊದಲ ದಿನವೇ ನನ್ನ ಮಗಳನ್ನು ಟೀಚರ್ ‘ಬೇಟಾ’ ಎಂದು ಕರೆದರು. ಎರಡು ಜಡೆ ಹಾಕಿಕೊಂಡು ನಿಂತಿದ್ದ ಅನಘಾ ಗಾಬರಿಯಿಂದ ನನ್ನ ಮುಖ ನೋಡಿದಳು. ಬೇಟಾ ಎಂದರೆ ಮಗ ಎಂದು ಚಿತ್ರದುರ್ಗದಿಂದ ಹೊರಡುವ ಮುನ್ನ ನಾನೇ ಹೇಳಿಕೊಟ್ಟಿದ್ದೆ. ಇಲ್ಲಿ ಗಂಡಾಗಲಿ ಹೆಣ್ಣಾಗಲಿ, ಮುದ್ದಿಗೆ ಎಲ್ಲ ಮಕ್ಕಳೂ ಬೇಟಾ ಎಂಬುದು ನಮಗೆ ನಿಧಾನವಾಗಿ ತಿಳಿಯಿತು. ಅದೇ ಟೀಚರ್ ವರ್ಷ ಮುಗಿಯುವ ಮೊದಲೇ, ಅದೇ ಮೆದು ದನಿಯಲ್ಲಿ, ಈ ಮಗುವನ್ನು ಬೇರೆ ಶಾಲೆಗೆ ಸೇರಿಸುವುದು ಒಳ್ಳೆಯದು ಎಂದರು.

ನನ್ನ ಗಂಡನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ವರ್ಗವಾಗಿ ನಾವು ಇಲ್ಲಿಗೆ ಬಂದಾಗ ದಿಲ್ಲಿಯಲ್ಲಿ ಮೆಟ್ರೋ ಹೊಸದಾಗಿ ಓಡತೊಡಗಿತ್ತು. ಪೀತಂಪುರಾದಲ್ಲಿ ಬಾಡಿಗೆ ಮನೆ ಹಿಡಿದೆವು. ಊರಿನಲ್ಲಿ ಪಕ್ಕದ ಮನೆಯವರು ಇವತ್ತೇನು ಸಾರು ಎಂದು ಕೇಳುತ್ತಿದ್ದರೆ, ಇಲ್ಲಿನವರು ನೀವು ಮದ್ರಾಸಿನ ಕಡೆಯವರಾ ಎಂದು ಕೇಳುತ್ತಿದ್ದರು. ಅಲ್ಲವೆಂದು ವಿವರಿಸುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ. ತರಕಾರಿ ಭಯ್ಯಾನ ಹತ್ತಿರ ಕರಿಬೇವಿಗೆ ‘ಕಡೀಪತ್ತಾ’ ಎಂದು ಕೇಳಿ ತಂದ ದಿನ ಏನನ್ನೋ ಗೆದ್ದು ಬಂದ ಹಾಗಾಗಿತ್ತು. ಚಳಿಗಾಲದ ಮಧ್ಯಾಹ್ನಗಳು ಮಾತ್ರ ಸಾಕುಸಾಕಾಗುತ್ತಿದ್ದವು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಮಾತನಾಡಲು ಯಾರೂ ಇರುತ್ತಿರಲಿಲ್ಲ.

ಅನಘಾ ಆಗ ನಾಲ್ಕನೇ ಕ್ಲಾಸು. ಬೋರ್ಡಿನಿಂದ ನೋಡಿ ಬರೆಯುವಾಗ ಸಾಲು ತಪ್ಪುತ್ತಿದ್ದಳು. ಓದು ಎಂದರೆ ಎದ್ದು ನಿಂತು ಸುಮ್ಮನಾಗುತ್ತಿದ್ದಳು. ಹಿಂದಿ ಹೊಸದಲ್ಲವೇ, ಬರುತ್ತದೆ ಬಿಡಿ ಎಂದು ಎಲ್ಲರೂ ಹೇಳಿದರು. ಆ ಮಾತು ನಮಗೂ ಹಿತವಾಗಿತ್ತು. ಕೆಳಗಿನ ಮನೆಯ ಆಂಟಿಯ ಹತ್ತಿರ ಟ್ಯೂಷನ್‌ಗೆ ಹಾಕಿದೆವು. ಕ್ಲಾಸಿನ ಮಕ್ಕಳು ಅವಳನ್ನು ‘ಬುದ್ಧೂ’ ಎನ್ನುತ್ತಿದ್ದರು. ಹಾಗೆಂದರೆ ದಡ್ಡಿ. ಬರಬರುತ್ತ ಪ್ರತಿ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಔಷಧಿಯಿಂದ ಏನೂ ಗುಣ ಕಾಣದಿದ್ದಾಗ ಡಾಕ್ಟರು ನಮ್ಮನ್ನು ದೊಡ್ಡಾಸ್ಪತ್ರೆಯ ಮಕ್ಕಳ ಮನಃಶಾಸ್ತ್ರಜ್ಞೆಯ ಬಳಿಗೆ ಕಳಿಸಿದರು.

ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ನಿಮ್ಮ ಭಾಷೆಯಲ್ಲಿ ಚೆನ್ನಾಗಿ ಓದುತ್ತಾಳಾ ಎಂದು ವಿಚಾರಿಸಿದರು. ಓ, ಓದುತ್ತಾಳೆ ಎಂದೆ. ಆದರೂ ಕನ್ನಡ ಬಲ್ಲ ಯಾರಾದರೂ ಒಮ್ಮೆ ಓದಿಸಿ ನೋಡಲಿ ಎಂದರು. ನನ್ನ ಗಂಡನಿಗೆ ಸಬೀಹಾ ಎಂಬ ಹುಡುಗಿಯ ಪರಿಚಯವಿತ್ತು. ವಿಜಾಪುರದವಳು, ದಿಲ್ಲಿಯ ಇನ್ನೊಂದು ಕಡೆ ಮುನಿರ್ಕಾದಲ್ಲಿ ರೂಮು ಮಾಡಿಕೊಂಡು ಭಾಷಾವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕೇಳಿದ ತಕ್ಷಣ ಒಪ್ಪಿ, ಒಂದು ಭಾನುವಾರ ಬಸ್ಸು ಬದಲಿಸಿಕೊಂಡು ಮನೆಗೆ ಬಂದಳು.

ಊರಿನಿಂದ ತಂದಿದ್ದ ಪಾಠಪುಸ್ತಕದ ಮೊದಲ ಪಾಠವನ್ನು ಅನಘಾ ಎಲ್ಲೂ ತಡವರಿಸದೆ ಒಪ್ಪಿಸಿದಳು. ನನಗೆ ಹೆಮ್ಮೆ. ಸಬೀಹಾ ಚಿತ್ರಗಳಿಲ್ಲದ, ನಾವು ಯಾರೂ ಓದಿಸದ ಒಂದು ಪುಟ ತೆರೆದು ಬೆರಳಿಟ್ಟಳು. ‘ಸರಸರ’ ಎಂದಿತ್ತು. ಅನಘಾಳ ತುಟಿಗಳು ಅಲ್ಲಾಡಿದವು. ‘ರಸ’ ಎಂದಳು, ಆಮೇಲೆ ‘ಸರ’ ಎಂದಳು, ಆಮೇಲೆ ತಲೆ ತಗ್ಗಿಸಿದಳು. ಸಬೀಹಾ ಪುಸ್ತಕ ಮುಚ್ಚಿಟ್ಟು ಅವಳ ಬೆನ್ನ ಮೇಲೆ ಕೈಯಿಟ್ಟಳು.

“ನಂಗೆ ಊರಲ್ಲೂ ಬರ್ತಿರ್ಲಿಲ್ಲಮ್ಮ,” ಎಂದಳು ಅನಘಾ. “ಮಿಸ್ಸು ಓದೋದನ್ನ ಕೇಳಿಸ್ಕೊಂಡು ಹೇಳ್ತಿದ್ದೆ.”

“ಅಕ್ಕಾ, ಹಿಂದಿ ಒಂದೇ ಅಲ್ಲ,” ಎಂದಳು ಸಬೀಹಾ. “ಅಕ್ಷರಾನೇ ಅವಳಿಗೆ ಕಷ್ಟ ಆಗ್ತಿದೆ.”

ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟು, ಅದು ಉಕ್ಕಿ ಹೋಗುವವರೆಗೂ ಸುಮ್ಮನೆ ನಿಂತಿದ್ದೆ. ಅಷ್ಟು ದಿನ ದಿಲ್ಲಿಯನ್ನು ಬೈಯುವುದು ಸುಲಭವಾಗಿತ್ತು.

ಆಸ್ಪತ್ರೆಯಲ್ಲಿ ಮುಂದಿನ ಪರೀಕ್ಷೆಗಳಾದ ಮೇಲೆ ಮನಃಶಾಸ್ತ್ರಜ್ಞೆ ಅದಕ್ಕೆ ಡಿಸ್‌ಲೆಕ್ಸಿಯಾ ಎಂಬ ಹೆಸರು ಹೇಳಿದರು. ಬುದ್ಧಿಗೇನೂ ಕೊರತೆಯಿಲ್ಲ, ಕಣ್ಣಿಗೆ ಕಂಡ ಅಕ್ಷರವನ್ನು ಸದ್ದಿಗೆ ಜೋಡಿಸುವುದಷ್ಟೇ ಅವಳಿಗೆ ಕಷ್ಟ ಎಂದು ವಿವರಿಸಿದರು. ಅದನ್ನು ತಿಳಿಸಲು ಶಾಲೆಗೆ ಹೋದೆವು. ತುಂಬಿದ ಕ್ಲಾಸುಗಳಲ್ಲಿ ಒಂದೇ ಮಗುವಿನ ಮೇಲೆ ಗಮನ ಕೊಡಲಾಗದು, ಇಂಥವರಿಗಾಗಿಯೇ ಬೇರೆ ಶಾಲೆಗಳಿವೆ ಎಂದು ಪ್ರಿನ್ಸಿಪಾಲರು ಹೇಳಿದರು. ನನ್ನ ಗಂಡ ಇಂಗ್ಲಿಷಿನಲ್ಲಿ ಕೇಳಿಕೊಳ್ಳುತ್ತಿದ್ದರು. ಅವರು ಕೈಚೆಲ್ಲಿ ಏಳುತ್ತಿದ್ದಾರೆ ಅನ್ನಿಸಿ, ನಾನು ನನ್ನ ತಪ್ಪುತಪ್ಪು ಹಿಂದಿಯಲ್ಲೇ ಬಾಯಿಬಿಟ್ಟೆ.

“ಮ್ಯಾಡಮ್, ಏಕ್ ಬಾರ್ ಜಬಾನೀ ಪೂಛ್ ಲೀಜಿಯೇ.” ಒಂದು ಸಲ ಬಾಯಿಮಾತಲ್ಲಿ ಕೇಳಿ ನೋಡಿ ಎಂದು.

ಅವರು ಮಗುವನ್ನು ಕರೆಸಿ, ಗಿಡಕ್ಕೆ ನೀರು ಹಾಕಿದರೆ ಅದು ಎಲೆಗೆ ಹೇಗೆ ತಲುಪುತ್ತದೆ ಎಂದು ಕೇಳಿದರು. ಅನಘಾ ಮೊದಲು ನನ್ನ ಕಡೆ ನೋಡಿದಳು. ಆಮೇಲೆ ಹಿಂದಿ, ಇಂಗ್ಲಿಷು ಎರಡನ್ನೂ ಕಲಸಿಕೊಂಡು ಬೇರಿನಿಂದ ಶುರುಮಾಡಿ ಎಲೆಯವರೆಗೂ ಹೇಳಿದಳು. ಎಲೆಯಿಂದ ನೀರು ಆವಿಯಾಗಿ ಹೋಗುವುದನ್ನೂ ಬಿಡಲಿಲ್ಲ. ಪ್ರಿನ್ಸಿಪಾಲರ ಮುಖದಲ್ಲಿ ನಗುವೇನೂ ಬರಲಿಲ್ಲ. ವಿಶೇಷ ಟೀಚರನ್ನು ಕೊಡಲು ನಮ್ಮಿಂದಾಗದು, ಆದರೆ ಪರೀಕ್ಷೆಯನ್ನು ಬಾಯಲ್ಲಿ ತೆಗೆದುಕೊಳ್ಳೋಣ, ಬರೆಯುವುದಕ್ಕೆ ಹೆಚ್ಚು ಹೊತ್ತು ಕೊಡೋಣ, ಒಂದು ವರ್ಷ ನೋಡೋಣ ಎಂದರು.

ಆಸ್ಪತ್ರೆಯವರು ಸೂಚಿಸಿದ ಒಬ್ಬ ಟೀಚರ್ ಹತ್ತಿರ ಸಂಜೆ ಹೊತ್ತು ಕರೆದೊಯ್ಯತೊಡಗಿದೆ. ಮರಳಿನ ಮೇಲೆ ಬೆರಳಾಡಿಸಿ, ಚಪ್ಪಾಳೆ ತಟ್ಟಿ ಅಕ್ಷರ ಕಲಿಸುತ್ತಿದ್ದರು. ಅವರು ಹೇಳಿದ ಒಂದು ಮಾತು ಮಾತ್ರ ನನಗೆ ನುಂಗಲಾರದ ತುತ್ತಾಯಿತು. ಮೂರು ಲಿಪಿಯ ಭಾರ ಈ ಮಗುವಿಗೆ ಬೇಡ, ಮನೆಯಲ್ಲಿ ಕನ್ನಡ ಮಾತಾಡಿ, ಆದರೆ ಓದು ಬರಹ ಸದ್ಯಕ್ಕೆ ನಿಲ್ಲಿಸಿ ಎಂದರು. ಕನ್ನಡ ಪುಸ್ತಕಗಳನ್ನು ಕಪಾಟಿನ ಮೇಲೆ ಎತ್ತಿಟ್ಟೆ. ಅನಘಾಳಿಗೆ ನಿರಾಳವಾಯಿತು. ನನಗೆ ಮಾತ್ರ ಯಾರನ್ನೋ ಕಳಿಸಿಕೊಟ್ಟು ಬಂದ ಹಾಗಿತ್ತು.

ಅವಳು ಏಳನೇ ಕ್ಲಾಸಿಗೆ ಬಂದಾಗ ನನ್ನ ಗಂಡನಿಗೆ ಕರ್ನಾಟಕಕ್ಕೆ ವರ್ಗ ಸಿಗುವಂತಾಯಿತು. ನಾನು ಎಷ್ಟೋ ಕಾಲದಿಂದ ಹರಕೆ ಹೊತ್ತು ಕಾದಿದ್ದ ಸುದ್ದಿ ಅದು. ಮೈದುನ ಊರಿನ ಶಾಲೆಗಳಲ್ಲಿ ವಿಚಾರಿಸಿದ. ಮಗು ಸ್ವಲ್ಪ ಮಂದವಾದರೆ ಟ್ಯೂಷನ್ ಹಾಕಿ, ಸರಿಹೋಗುತ್ತೆ ಎಂದರಂತೆ. ಊಟಕ್ಕೆ ಕೂತಾಗ ಅನಘಾಳನ್ನೇ ಕೇಳಿದೆವು.

ಅವಳು ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟಳು. “ಅಲ್ಲಿ ಹೋದ್ರೆ ಎಲ್ರಿಗೂ ಫಿರ್ ಸೇ ಹೇಳ್ಬೇಕಾ, ಅಪ್ಪಾ?” ಎಂದಳು. ಮತ್ತೆ ಮೊದಲಿನಿಂದ ಎಂದು.

ವರ್ಗ ಬೇಡವೆಂದು ನನ್ನ ಗಂಡ ಕಚೇರಿಯಲ್ಲಿ ತಿಳಿಸಿದರು. ಈಗಲೂ ಯಾರಾದರೂ ಕೇಳಿದರೆ ನಮ್ಮೂರು ಚಿತ್ರದುರ್ಗ ಎಂದೇ ಹೇಳುತ್ತೇನೆ. ನಾನು ಎಲ್ಲರಿಗೂ ಹೊಂದಿಕೊಳ್ಳುವ ಊರು ಅದು. ನನ್ನ ಮಗಳಿಗೆ ಹೊಂದಿಕೊಂಡ ಊರು ಇದು.