ಬೇವಿನ ನೆರಳಿನಲ್ಲಿ ಬಿದ್ದ ಸೂರ್ಯರು

ಅಕ್ಷತಾ, ಪವನ,

ನಿನ್ನೆ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಂಗಳದಲ್ಲಿ ಜರಡಿ ತೊಳೆದು ಬಿಸಿಲಿಗೆ ಎತ್ತಿ ಹಿಡಿದೆ. ತೂತುಗಳಿಂದ ಇಳಿದ ಬೆಳಕು ನೆಲದ ಮೇಲೆ ದುಂಡುದುಂಡಗೆ ಬಿತ್ತು. "ಆಯಿ, ಯಾಕ ಹಂಗ ನಿಂತಿ?" ಎಂದು ಮೊಮ್ಮಕ್ಕಳಿಬ್ಬರೂ ಕೇಳಿದಿರಿ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಮಲಾಪುರದ ಶಾಲೆಯಲ್ಲಿ ನಮಗೊಬ್ಬರು ಅಕ್ಕೋರು ಇದ್ದರು. ಟೀಚರನ್ನು ನಾವು ಹಾಗೆಯೇ ಕರೆಯುತ್ತಿದ್ದೆವು. ಕೆಂಪು ಬಾಳೆಹಣ್ಣು ಸುಲಿಯುವ ಮುನ್ನ ಆ ಕೆಂಪಿನಲ್ಲಿ ಎಷ್ಟು ಬಗೆ ಇದೆ ಎಂದು ಕೇಳುತ್ತಿದ್ದರು. ಇರುವೆ ಸಾಲು ಕಂಡರೆ ಕೂತು ಪಾಠ ಮರೆಯುತ್ತಿದ್ದರು.

ನನಗೆ ಹತ್ತು ವರ್ಷ, ಅವರು ಏಳು ತಿಂಗಳ ಬಸುರಿ. ಗ್ರಹಣದ ದಿನ ಊರೆಲ್ಲ ಬಾಗಿಲು ಹಾಕಿತ್ತು. ಅವ್ವನ ಕಣ್ಣು ತಪ್ಪಿಸಿ ನಾನೊಬ್ಬಳೇ ಶಾಲೆಗೆ ಓಡಿದೆ. ಅಕ್ಕೋರು ಬೇವಿನ ಮರದ ಕೆಳಗೆ ನೆಲ ತೋರಿಸಿದರು. ಎಲೆಗಳ ಸಂದಿನಿಂದ ಬಿದ್ದ ಒಂದೊಂದು ಬಿಸಿಲ ಚುಕ್ಕೆಯೂ ಕಚ್ಚಿದ ರೊಟ್ಟಿಯಂತಿತ್ತು.

"ಮ್ಯಾಲೆ ನೋಡಬ್ಯಾಡ, ಕಣ್ಣು ಹೋಗ್ತಾವ. ಸೂರ್ಯನೇ ನಿನ್ನ ಕಾಲಬುಡಕ ಬಂದಾನ, ನೋಡು" ಎಂದು ನಕ್ಕರು.

ಅಂಥ ಖುಷಿ ನನಗೆ ಮತ್ತೆ ಆಗಲಿಲ್ಲ.

ಎರಡು ತಿಂಗಳಿಗೆ ಅವರಿಗೆ ಮಗ ಹುಟ್ಟಿದ. ಮೇಲ್ದುಟಿ ಸೀಳಿತ್ತು. ತೊಟ್ಟಿಲಿಗೆ ಹಾಕುವ ದಿನ ಹೆಂಗಸರೆಲ್ಲ ಬಂದು ಬಗ್ಗಿ ನೋಡಿದರು. ಕೂಸನ್ನು ಯಾರೂ ಎತ್ತಿಕೊಳ್ಳಲಿಲ್ಲ.

"ಗ್ರಹಣದಾಗ ಸೂರ್ಯನ್ನ ನೋಡ್ಯಾಳ. ಕಲತಾಕಿ ನೋಡ್ರೆವ್ವಾ!" ಎಂದು ಒಬ್ಬಳು ನಕ್ಕಳು.

ಅಕ್ಕೋರ ಅತ್ತೆ ಎದ್ದು ನಿಂತಳು. "ನೋಡಿಲ್ಲ ಅನ್ನಾಕ ಸಾಕ್ಷಿ ಯಾರದಾರ? ಇಲ್ಲಂದ್ರ ಕೂಸಿನ ಕಟ್ಕೊಂಡು ನಡಿ."

ಅಕ್ಕೋರು ಗುಂಪಿನಲ್ಲಿ ನನ್ನನ್ನು ಹುಡುಕಿದರು. "ಇಕಿ ಇದ್ದಳ್ರೀ. ಹೇಳವ್ವಾ, ನಾವು ನೆಲ ನೋಡಿದ್ವಿ, ಹೌದಿಲ್ಲೋ?"

ಅವ್ವ ಪಕ್ಕದಲ್ಲೇ ಕೂತಿದ್ದಳು.

"ನಾ ಅವತ್ತ ಮನ್ಯಾಗ ಇದ್ನಿರಿ" ಎಂದೆ.

ಅಕ್ಕೋರು ಬೈಯಲಿಲ್ಲ. ಇರುವೆ ಸಾಲನ್ನು ನೋಡುವ ಹಾಗೆ ನನ್ನನ್ನು ನೋಡಿದರು… ಮರುದಿನ ಕೂಸಿನೊಂದಿಗೆ ಕಲಬುರಗಿ ಬಸ್ಸು ಹತ್ತಿದರು.

ಮದುವೆಯಾಗಿ ನಾನೂ ಇದೇ ಊರಿಗೆ ಬಂದೆ. ಒಮ್ಮೆ ಸೂಪರ್ ಮಾರ್ಕೆಟ್‌ನಲ್ಲಿ ಅವರನ್ನು ಕಂಡೆ. ತುಟಿ ಹೊಲಿದ ಮಗನ ಕೈ ಹಿಡಿದಿದ್ದರು. ಸೆರಗು ಮುಖಕ್ಕೆಳೆದುಕೊಂಡು ಆಟೋ ಹತ್ತಿದೆ.

ನಿಮ್ಮ ಅವ್ವ ಬಸುರಿಯಿದ್ದಾಗ ಡಾಕ್ಟರನ್ನು ಅಂಜುತ್ತಲೇ ಕೇಳಿದೆ. ಹೊಟ್ಟೆಯಲ್ಲಿರುವ ಕೂಸಿನ ತುಟಿ ಮೂರು ತಿಂಗಳೊಳಗೇ ಮೂಡಿ ಮುಗಿದಿರುತ್ತದಂತೆ. ಗ್ರಹಣದ ದಿನ ಅಕ್ಕೋರಿಗೆ ಏಳು ತಿಂಗಳು…

ಹೋದ ವರ್ಷ ಅವರು ತೀರಿಕೊಂಡರೆಂದು ಕೇಳಿದೆ. ಈಗ ಹೇಳುತ್ತಿದ್ದೇನೆ, ಕೇಳಲು ಯಾರೂ ಇಲ್ಲದಾಗ: ಅವರು ಮೇಲೆ ನೋಡಲಿಲ್ಲ. ನಾನು ಅಲ್ಲಿದ್ದೆ. ಮಕ್ಕಳೇ, ಈ ಹಾಳೆಗಳನ್ನು ಗೆದ್ದಲಿಗೆ ಬಿಡಬೇಡಿ. ಅವರ ಪರವಾಗಿ ಇರುವ ಸಾಕ್ಷಿ ಇಷ್ಟೇ.