ದೌಲಪ್ಪನ ಸೊಂಟ, ಜಹಗೀರದಾರನ ಪೆಟ್ಟಿಗೆ

ಕಮಲಾಪುರದ ದೌಲಪ್ಪನ ಸೊಂಟ ಹೋದದ್ದು ತನ್ನ ತೋಟದ ಕೆಂಪು ಬಾಳೆಯ ಗೊನೆ ಹೊತ್ತಲ್ಲ. ಹಾಗಾಗಿದ್ದರೆ ತನ್ನ ಗೊನೆ, ತನ್ನ ಕರ್ಮ ಎನ್ನಬಹುದಿತ್ತು. ಅವನು ಹೊತ್ತದ್ದು ಜಹಗೀರದಾರನ ಅತಿಥಿಗಳ ಪೆಟ್ಟಿಗೆಗಳನ್ನು. ನಿಜಾಮರ ಕಾಲದಲ್ಲಿ ಅದಕ್ಕೆ ಬಿಟ್ಟಿ ಎನ್ನುತ್ತಿದ್ದರು. ಕೂಲಿಯಿಲ್ಲ, ರೊಟ್ಟಿಯಿಲ್ಲ, ಒಲ್ಲೆ ಎಂದರೆ ಬೆನ್ನ ಮೇಲೆ ಚಾಟಿ. ಸರದಿ ಬೀಳುತ್ತಿದ್ದದ್ದು ಆಳಿಗಲ್ಲ, ಮನೆಗೆ. ಗಂಡಸು ಹಾಸಿಗೆ ಹಿಡಿದರೆ ಹೆಂಗಸು ಹೊರಬೇಕು.

ಕೌಜುಗ ಹಕ್ಕಿಯ ಬೇಟೆಗೆ ಬರುವವರು ಬಂದೂಕಿನ ಜೊತೆ ಸ್ನಾನದ ತಗಡಿನ ತೊಟ್ಟಿಯನ್ನೂ ತರುತ್ತಿದ್ದರು. ಇನ್ನೊಬ್ಬರ ಕುಂಡೆ ತೊಳೆಯುವ ತೊಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ದೌಲಪ್ಪ ಹರದಾರಿಗಟ್ಟಲೆ ನಡೆದ. ಮೊದಲು ಸೊಂಟ ಹಿಡಿಯಿತು, ಆಮೇಲೆ ಎಡಗಾಲು ಜೋಮು ಹಿಡಿಯಿತು. ಎಣ್ಣೆ ತಿಕ್ಕಿದರು. ಕಾಯಿಸಿದ ಕುಡಗೋಲಿನಿಂದ ಬರೆ ಎಳೆದರು. ಬರೆ ಕೀವಾಯಿತು, ನೋವು ಹಾಗೆಯೇ ಉಳಿಯಿತು.

ಆಗ ಜಹಗೀರಿನ ಕಾರಭಾರಿ ದೇವೀಂದ್ರಪ್ಪ ತಾನೇ ಗಾಡಿ ಕಟ್ಟಿಸಿ ಗಂಡಹೆಂಡಿರನ್ನು ಕಲಬುರಗಿಗೆ ಕರೆತಂದ. ಎಂಥಾ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ದೊಡ್ಡ ಮನಸ್ಸು ಎಲ್ಲಿಂದ ಬರಬೇಕು! ಊರಿನಲ್ಲಿ ದೌಲಪ್ಪನಷ್ಟು ಹೊರುವವನು ಇನ್ನೊಬ್ಬನಿರಲಿಲ್ಲ. ಕುದುರೆ ಕುಂಟಿದರೂ ಲಾಳ ಹೊಡೆಸುತ್ತಾರೆ.

ಡಾಕ್ಟರ್ ಜಯತೀರ್ಥರಾಯರ ಖಾಸಗಿ ದವಾಖಾನೆ. ಮೇಜಿನ ಮೇಲೆ ದೌಲಪ್ಪನನ್ನು ಬೋರಲು ಮಲಗಿಸಿ, ಬೆನ್ನೆಲುಬನ್ನು ಬೆರಳಿಂದ ಒತ್ತುತ್ತಾ ರಾಯರು ವಿವರ ಹೇಳಿದರು. ಹೇಳಿದ್ದು ಕಾರಭಾರಿಗೆ.

"ಬೆನ್ನಿನ ಮಣಿ ಮಣಿ ಕೂಡಿಸಿ ಒಂದು ಮಾಡಬೇಕ್ರಿ. ಹೈದರಾಬಾದಿನಾಗ ನಮ್ಮ ಗುರುಗಳು ಮಾಡ್ತಾರ. ಎರಡು ಥರ ಅದ. ಒಂದು, ಮೊಣಕಾಲ ಕೆಳಗಿನ ಎಲುಬಿನಾಗ ಒಂದು ಪಟ್ಟಿ ಕೊಯ್ದು ಬೆನ್ನಾಗ ಬೆಣಿ ಹಂಗ ಕೂಡಸೋದು. ಇನ್ನೊಂದು, ಬೆನ್ನೆಲುಬಿಂದೇ ಚೂರು ಕೆತ್ತಿ ಒಂದಕ್ಕೊಂದು ಒರಗಿಸಿ ಬಿಡೋದು."

"ಹೊರಿ ಹೊರಾಕ ಯಾವುದು ಗಟ್ಟಿ ರೀ?"

"ಕಾಲಿನ ಎಲುಬಿಂದು ಗಟ್ಟಿ. ಆದ್ರ ಕೊಯ್ದ ಕಾಲು ಮುರೀಬಹುದು."

"ಕಾಲು ಮುರದ್ರ ಹೊತಗೊಂಡು ನಡಿಯೋದೆಂಗ? ಹಂಗಾರ ಚೂರಿಂದೇ ಮಾಡಸ್ರಿ."

"ಅದರಾಗ ಕಾಲು ಉಳೀತದ, ಖರೆ. ಒಮ್ಮೊಮ್ಮೆ ಕೂಡೋದೇ ಇಲ್ಲ. ಯಾವುದು ಮಾಡಿದ್ರೂ ತಿಂಗಳುಗಟ್ಟಲೆ ಪ್ಲಾಸ್ಟರಿನಾಗ ಅಂಗಾತ ಬಿದ್ದಿರಬೇಕು."

ಸಂತೆಯಲ್ಲಿ ಎತ್ತು ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡುತ್ತಾರಲ್ಲ, ಹಾಗಿತ್ತು. ಎತ್ತಿಗಾದರೂ ಮಾತು ತಿಳಿಯುವುದಿಲ್ಲ. ಇಲ್ಲಿ ಬೋರಲು ಬಿದ್ದವನಿಗೆ ಎಲ್ಲವೂ ಕೇಳಿಸುತ್ತಿತ್ತು.

ಬಾಗಿಲಲ್ಲಿ ನಿಂತ ಹೆಂಡತಿ ಸೂಗಮ್ಮ ಬಾಯಿ ಬಿಟ್ಟಳು. "ಇವ್ರು ಬಿದ್ದಾಗ ಪೆಟಗಿ ಯಾರು ಹೊರ್ಬೇಕ್ರಿ ಕಾರಭಾರಿ?"

"ಸರದಿ ನಿಮ್ಮ ಮನೀದು ಯವ್ವಾ. ನೀನೇನು ಕಡಿಮಿ ಅದೀ? ಗಂಡಿನಂಗ ಅದೀ," ಎಂದು ದೇವೀಂದ್ರಪ್ಪ ನಕ್ಕ. ಎಲೆ ಅಡಿಕೆಯ ಕೆಂಪು ಜೊಲ್ಲು ಅವನ ಗದ್ದಕ್ಕೆ ಇಳಿಯಿತು.

ದೌಲಪ್ಪ ಕತ್ತೆತ್ತಿದ. "ಡಾಕ್ಟರ್ ಸಾಹೇಬ್ರ, ಕಾಲರೆ ಕೊಯ್ರಿ, ಬೆನ್ನರೆ ಕೆತ್ರಿ. ಇವ ಇನ್ನ ಮ್ಯಾಲ ಹೊರಬಾರದು, ಇವನ ಹೆಂಡ್ತೀನೂ ಹೊರಬಾರದು ಅಂತ ಕಾರಭಾರಿಗೊಂದು ಮಾತು ಹೇಳ್ರಿ. ಅಷ್ಟು ಸಾಕು."

ರಾಯರು ಸಾಬೂನು ಹಚ್ಚಿ ಕೈ ತೊಳೆಯತೊಡಗಿದ್ದರು. "ಅದು ನಿಮ್ಮೂರಿನ ವ್ಯವಹಾರ ತಮ್ಮಾ. ನಾ ಎಲುಬು ನೋಡಾಂವ."

"ಹ್ವಾದ ವರ್ಷ ಥಂಡ್ಯಾಗ ನೀವು ಬ್ಯಾಟಿಗಿ ಬಂದಿದ್ರಿ. ನಿಮ್ಮ ತೊಟ್ಟಿ ಹೊತ್ತಾಂವ ನಾನೇ ರೀ."

"ಯಾವ ತೊಟ್ಟಿ?" ಎಂದರು ರಾಯರು.

ನೆನಪಿದ್ದೂ ಸುಳ್ಳು ಹೇಳಿದ್ದಲ್ಲ. ಆ ಮನುಷ್ಯನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತೊಟ್ಟಿ ತಾನಾಗಿ ನಡೆದು ಬಂದು ಡೇರೆ ಸೇರಿತ್ತೆಂದೇ ತಿಳಿದಿದ್ದನೋ ಏನೋ. ನನಗೆ ವಾಕರಿಕೆ ಬರುವುದು ಕಾರಭಾರಿಯ ಜೊಲ್ಲಿಗಿಂತ ಈ ತೊಳೆದ ಕೈಗಳಿಗೇ.

ದೌಲಪ್ಪ ಹೆಂಡತಿಯ ಹೆಗಲು ಹಿಡಿದು ಮೇಜಿನಿಂದ ಇಳಿದ.

"ಎಲ್ಲಿಗಿ? ಇನ್ನ ಮಾತು ಮುಗದಿಲ್ಲ," ಎಂದ ದೇವೀಂದ್ರಪ್ಪ.

"ನಿಮ್ಮದು ಮುಗದಿಲ್ಲ. ನಂದು ಮುಗೀತು."

ಗಾಡಿ ಹತ್ತಲಿಲ್ಲ. ಕುಂಟುತ್ತಾ ಕೋಟೆಯ ಕಡೆ ನಡೆದರು. ಅಲ್ಲಿ ಇಮಾಮಬಿ ಎಂಬ ಮುದುಕಿ ಕಮಲಾಪುರದ ಬಾಳೆ ತರಿಸಿ ಮಾರುತ್ತಿದ್ದಳು. ಸೂಗಮ್ಮನ ಪರಿಚಯದವಳು. ಕಥೆ ಕೇಳಿ ಜಹಗೀರದಾರನ ಏಳು ತಲೆಮಾರನ್ನು ಉರ್ದುವಿನಲ್ಲಿ ಬೈದು ಮುಗಿಸಿ, ಗೊನೆ ಮಾಗಿಸುವ ಕೋಣೆ ತೋರಿಸಿದಳು. "ಇಲ್ಲೇ ಬಿದ್ಕೊಳ್ರಿ. ಹಣ್ಣ ತಿಂದ್ರ ಮಾತ್ರ ಒದೀತೀನಿ ನೋಡ್."

ಕಮಲಾಪುರದ ಅವರ ತೋಟವನ್ನು ಜಹಗೀರದಾರ ಬೇರೆಯವನಿಗೆ ಕೊಟ್ಟ. ಸುಗ್ಗಿ ಮುಗಿದ ಮೇಲೆ ದೇವೀಂದ್ರಪ್ಪ ಹುಡುಕಿಕೊಂಡು ಬಂದ. "ಸರದಿ ಬಂದದ. ಇಬ್ಬರಾಗ ಒಬ್ಬರು ನಡ್ರಿ."

"ಸರದಿ ಮನೀದಲ್ಲೇನ್ರಿ? ಮನಿ ಅಲ್ಲೇ ಬಿಟ್ಟು ಬಂದೀವಿ. ಅದರ ಮಾಳಿಗಿ ಮ್ಯಾಲ ಪೆಟಗಿ ಇಟ್ಟು ನಡಿ ಅನ್ರಿ," ಎಂದಳು ಸೂಗಮ್ಮ. ಸುತ್ತಲಿನ ಅಂಗಡಿಯವರು ನಕ್ಕರು. ಆ ನಗು ದಾಟಿ ಕೈ ಹಿಡಿದೆಳೆಯಲು ಅವನಿಗೆ ಧೈರ್ಯ ಬರಲಿಲ್ಲ.

ದೌಲಪ್ಪನ ನೋವು ಹೋಗಲಿಲ್ಲ. ಕೂರಲಾಗದೆ ಗೋಡೆಗೊರಗಿ ನಿಂತೇ ಬಾಳೆಯ ನಾರಿನ ಹಗ್ಗ ಹೊಸೆಯುತ್ತಿದ್ದ. ಸಾಯುವ ತನಕ ಬೆಳಿಗ್ಗೆ ಎದ್ದ ಕೂಡಲೇ ನೋವಿಗೆ ಅವನ ಬೈಗುಳ. ಸೂಗಮ್ಮ ಬುಟ್ಟಿ ಹೊತ್ತು ಓಣಿ ಓಣಿ ಬಾಳೆಹಣ್ಣು ಮಾರಿದಳು. ಭಾರವೇ ಅದೂ. ದಣಿದಲ್ಲಿ ಇಳಿಸುತ್ತಿದ್ದಳು.