ಹೆಚ್ಚು ಅಂಕದ ಮಗಳು

ಭಾಲ್ಕಿಯ ಯೇಸುದಾಸ ಮಾಸ್ತರರ ಅವಳಿ ಮಕ್ಕಳಿಬ್ಬರಿಗೂ ಮಂಗಳೂರಿನ ಕಾಲೇಜಿನ ಮೇಲೆಯೇ ಕಣ್ಣು. ಪಿಯುಸಿಯಲ್ಲಿ ಮಗಳು ಫೇತ ತಾಲೂಕಿಗೇ ಮೊದಲು. ಅವಳ ತಮ್ಮ ಪ್ರಿನ್ಸ ದಡ ಮುಟ್ಟಿದ್ದೇ ಹೆಚ್ಚು. ಆ ಹೆಚ್ಚು ಅಂಕವೇ ಅವಳಿಗೆ ಮುಳುವಾಯಿತು. ಬೀದರಿನ ಕಾಲೇಜೊಂದು ಅವಳ ಫೀಸು ಪೂರ್ತಿ ಮಾಫಿ ಮಾಡಿತು. ಮನೆಯಲ್ಲಿ ಕೂಡಿಟ್ಟ ದುಡ್ಡೆಲ್ಲ ಪ್ರಿನ್ಸನ ಮಂಗಳೂರಿಗೆ ಹೋಯಿತು.

ಹೊರಡುವವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸುವುದು ಆ ಮನೆಯ ರೂಢಿ. ಪ್ರಿನ್ಸ ಹೊರಟ ದಿನ ಔರಾದಿನಿಂದ ಸೋದರತ್ತೆಯೂ ಬಂದು ಕೈಯಿಟ್ಟು ಕಣ್ಣೀರು ಹಾಕಿದ್ದಳು.

ಮುಂದಿನ ಸೋಮವಾರ ಫೇತಳ ಕಾಲೇಜು ಶುರುವಾಯಿತು. ಬೀದರ ಬಸ್ಸಿಗೆ ಹೊರಟವಳು ಹೊಸ್ತಿಲಲ್ಲಿ ತಲೆ ಬಾಗಿಸಿ ನಿಂತಳು. ಒಳಗೆ ಅವ್ವ ಫೋನಿನಲ್ಲಿ ಮಗನಿಗೆ ಹೇಳುತ್ತಿದ್ದಳು:

"ಆಕಿದೇನ್ ಚಿಂತಿ ಇಲ್ಲಪ್ಪ. ನೀ ನಾಷ್ಟಾ ಮಾಡಿದ್ಯೋ ಇಲ್ಲೋ?"